ಸೋಲುವ ಚದುರಂಗ



ಕಳೆದ ಬೇಸಿಗೆಯ ರಜೆಯಲ್ಲಿ ಮೊಮ್ಮಗ ಹುಬ್ಬಳ್ಳಿಯಿಂದ ಶಿಗ್ಲಿಗೆ ಬಂದಿದ್ದನು. ಒಂದು ಸಂಜೆ ಕರೆಂಟು ಹೋಗಿತ್ತು. ಓಣಿಯ ಮಗ್ಗಗಳ ಸದ್ದು ಒಮ್ಮೆಲೇ ನಿಂತು ಊರಿಗೆ ಊರೇ ಉಸಿರು ಹಿಡಿದಂತಾಗಿತ್ತು. ಅವನು ಕಟ್ಟೆಯ ಮೇಲೆ ಕುಳಿತು ಮೊಬೈಲಿನಲ್ಲಿ ಚದುರಂಗ ಆಡುತ್ತಿದ್ದನು. ಸಂತೋಷವೇ ಆಯಿತು, ಹಾಳು ವಿಡಿಯೋಗಳಿಗಿಂತ ಇದು ಎಷ್ಟೋ ಮೇಲಲ್ಲವೇ? ಹಿಂದೆ ನಿಂತು ನೋಡಿದೆ. ಐದಾರು ನಡೆಗಳಾಗಿರಬೇಕು, ಹುಡುಗ ತನ್ನ ಮಂತ್ರಿಯನ್ನು ಒಯ್ದು ನೇರವಾಗಿ ಎದುರಾಳಿಯ ಪ್ಯಾದೆಯ ಬಾಯಿಗೆ ಇಟ್ಟುಬಿಟ್ಟನು.

"ಏ ತಮ್ಮಾ, ಮಂತ್ರಿ ಹೋತಲ್ಲೋ!" ಎಂದು ಕೂಗಿಯೇಬಿಟ್ಟೆ.

"ಹೋಗ್ಲಿ ಬಿಡಜ್ಜಾ, ಹೋಗಬೇಕಂತನ ಇಟ್ಟೇನಿ. ಇದರಾಗ ಸೋತಾಂವನ ಗೆದ್ದಂಗ."

ಕೋರ್ಟು ಕಚೇರಿಯ ವ್ಯಾಜ್ಯಗಳ ಬಗ್ಗೆ ನಮ್ಮಲ್ಲಿ ಒಂದು ಗಾದೆಯಿದೆ: ಗೆದ್ದವ ಸೋತ, ಸೋತವ ಸತ್ತ. ಸೋತವನೇ ಗೆಲ್ಲುವ ಆಟವನ್ನು ಮಾತ್ರ ಕೇಳಿರಲಿಲ್ಲ. ಅಲ್ಲ, ಕೇಳಿದ್ದೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಆ ಆಟಕ್ಕೆ ಆಂಟಿಚೆಸ್ ಎನ್ನುತ್ತಾರೆ. ಮಣೆಯೂ ಅದೇ, ಕಾಯಿಗಳೂ ಅವೇ, ಕಾಯಿಗಳ ನಡಿಗೆಯೂ ಅದೇ. ಆದರೆ ಯಾರ ಕಾಯಿಗಳೆಲ್ಲ ಮೊದಲು ಖಾಲಿಯಾಗುವವೋ ಅವರು ಗೆದ್ದರು. ಎದುರಾಳಿಯ ಕಾಯಿಯನ್ನು ಕಡಿಯುವ ಅವಕಾಶ ಒದಗಿದರೆ ಕಡಿಯಲೇಬೇಕು, ಒಲ್ಲೆನೆನ್ನುವ ಹಾಗಿಲ್ಲ. ರಾಜನಿಗೆ ರಾಜತ್ವವಿಲ್ಲ, ಅವನನ್ನೂ ಉಳಿದವರಂತೆಯೇ ಕಡಿದು ಹಾಕಬಹುದು, ಚೆಕ್ ಎನ್ನುವ ಮಾತೇ ಇಲ್ಲ. ಪ್ಯಾದೆಯು ಕೊನೆಯ ಸಾಲು ಮುಟ್ಟಿದಾಗ ಬೇಕಿದ್ದರೆ ರಾಜನಾಗಿಯೇ ಬಡ್ತಿ ಪಡೆಯಬಹುದು! ನಡೆಸಲು ದಾರಿಯೇ ಇಲ್ಲದಂತೆ ಸಿಕ್ಕಿಬಿದ್ದವನೂ ಗೆದ್ದಂತೆಯೇ.

ಲಿಚೆಸ್ ಎಂಬ ತಾಣದಲ್ಲಿ ಇದರ ಪಂದ್ಯಾವಳಿಗಳು ನಡೆಯುತ್ತಲೇ ಇರುತ್ತವೆ. ಟಿಬೋ ಡುಪ್ಲೆಸಿ ಎಂಬ ಫ್ರಾನ್ಸಿನ ತರುಣ 2010ರಲ್ಲಿ ಆರಂಭಿಸಿದ ತಾಣವಿದು. ದುಡ್ಡು ಕೇಳುವುದಿಲ್ಲ, ಜಾಹೀರಾತು ತೋರಿಸುವುದಿಲ್ಲ. ಜನರ ದೇಣಿಗೆಯಿಂದಲೇ ನಡೆಯುತ್ತದೆ. ಪಂದ್ಯಾವಳಿಗೆ ಸೇರಿಕೊಂಡರೆ ಅದು ನಿಮಗೊಬ್ಬ ಎದುರಾಳಿಯನ್ನು ತಾನೇ ಹುಡುಕಿ ಕೊಡುತ್ತದೆ. ಆಟ ಮುಗಿಯಿತೆಂದರೆ ಮತ್ತೊಬ್ಬ. ಗೆದ್ದರೆ ಎರಡು ಅಂಕ, ಸಮವಾದರೆ ಒಂದು. ಒಂದರ ಹಿಂದೊಂದು ಎರಡು ಗೆದ್ದರೆ ಹೆಸರಿನ ಮುಂದೆ ಬೆಂಕಿಯ ಗುರುತು ಹತ್ತಿಕೊಂಡು ಮುಂದಿನ ಅಂಕಗಳು ಇಮ್ಮಡಿಯಾಗುತ್ತವೆ. ಹೀಗೆ ಹೊತ್ತು ಮುಗಿಯುವವರೆಗೆ ಜಗತ್ತಿನ ಮೂಲೆಮೂಲೆಯ ಜನರು ತಮ್ಮ ಸಂಪತ್ತನ್ನೆಲ್ಲ ಕಳೆದುಕೊಳ್ಳಲು ನಾ ಮುಂದು ತಾ ಮುಂದು ಎಂದು ಹೆಣಗುತ್ತಿರುತ್ತಾರೆ.

ಮೊಮ್ಮಗನ ಒತ್ತಾಯಕ್ಕೆ ನಾನೂ ಸೇರಿದೆ. ಮೂವತ್ತು ವರ್ಷ ಗಣಿತ ಕಲಿಸಿದವನಿಗೆ ಸೋಲುವುದು ಯಾವ ದೊಡ್ಡ ವಿದ್ಯೆ ಎಂಬ ಹಮ್ಮು ಬೇರೆ. ಒಂಬತ್ತು ಆಟ ಆಡಿದೆ. ಎಂಟರಲ್ಲಿ ನನ್ನ ಕಾಯಿಗಳು ಮಣೆಯ ತುಂಬ ಉಳಿದುಕೊಂಡು, ಎದುರಾಳಿಯ ಒಂದೂ ಕಾಯಿ ಉಳಿಯದೆ, ನಾನು ದಿಗ್ವಿಜಯಿಯಾಗಿ ಸೋತುಹೋದೆ. ಒಂಬತ್ತನೆಯದರಲ್ಲಿ ಎದುರಾಳಿ ನಡುವೆಯೇ ಎದ್ದುಹೋದನು. ಬಹುಶಃ ಅವನಲ್ಲಿಯೂ ಕರೆಂಟು ಹೋಗಿರಬೇಕು. ಒಂದು ಆಟದಲ್ಲಂತೂ ಹುಡುಗನೊಬ್ಬನು (ಹುಡುಗನೇ ಎಂದುಕೊಂಡಿದ್ದೇನೆ, ಹೆಸರಿನ ಪಕ್ಕ ಬ್ರೆಜಿಲಿನ ಬಾವುಟವಿತ್ತು) ನನ್ನ ಒಂದೇ ಆನೆಗೆ ತನ್ನ ಏಳು ಕಾಯಿಗಳನ್ನು ಒಂದಾದ ಮೇಲೊಂದರಂತೆ ತಿನ್ನಿಸಿದನು. ಪಂಕ್ತಿಯಲ್ಲಿ ಕುಳಿತ ಅಳಿಯನಿಗೆ ಬೇಡವೆಂದರೂ ಬಡಿಸುತ್ತಾರಲ್ಲ, ಹಾಗೆ. ತಿನ್ನದೆ ವಿಧಿಯಿರಲಿಲ್ಲ.

ಆಗ ನೆನಪಾಯಿತು, ನಾನು ಈ ಆಟವನ್ನು ಮೊದಲು ನೋಡಿದ್ದು ಎಲ್ಲಿ ಎಂದು.

1994ರ ಮಳೆಗಾಲ. ಗದಗ ಜಿಲ್ಲೆ ಇನ್ನೂ ಆಗಿರಲಿಲ್ಲ, ನಾವು ಧಾರವಾಡ ಜಿಲ್ಲೆಯವರು. ಶಾಲೆಗಳ ನಡುವಿನ ಸ್ಪರ್ಧೆಗೆ ಚದುರಂಗದ ತಂಡವನ್ನು ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಶನಿವಾರ ಒಪ್ಪತ್ತಿನ ಶಾಲೆ. ಕೊನೆಯ ತಾಸು ಒಂಬತ್ತನೆಯ ತರಗತಿಗೆ ಹೋದರೆ ಹಿಂದಿನ ಬೆಂಚಿನಲ್ಲಿ ಇಬ್ಬರು ಹುಡುಗರು ರಟ್ಟಿನ ಮಣೆ ಹಾಸಿಕೊಂಡು ಕುಳಿತಿದ್ದರು. ಅವರ ಸೆಟ್ಟಿನಲ್ಲಿ ಒಂದು ಆನೆ ಕಳೆದುಹೋಗಿತ್ತು. ಅದರ ಜಾಗದಲ್ಲಿ ಲಾಳಿಯೊಳಗಿನ ಕಂಡಿಕೆಯೊಂದನ್ನು ಗಿಡ್ಡಗೆ ಕತ್ತರಿಸಿ ನಿಲ್ಲಿಸಿದ್ದರು. ಆಟ ನೋಡುತ್ತ ನಿಂತೆ. ಒಬ್ಬನು ಮಂತ್ರಿಯನ್ನು ಒಪ್ಪಿಸಿದನು, ಇನ್ನೊಬ್ಬನು ರಾಜನನ್ನೇ ಒಪ್ಪಿಸಿ ನಕ್ಕನು. ನನಗೆ ಸಿಟ್ಟು ನೆತ್ತಿಗೇರಿತು. ನಾನು ಸಂಜೆಯ ಹೊತ್ತು ಉಳಿದು ಕಲಿಸಿದ ವಿದ್ಯೆಯನ್ನು ಇವರು ಅಪಹಾಸ್ಯ ಮಾಡುತ್ತಿದ್ದಾರೆ ಎನ್ನಿಸಿತು. "ಏನ್ರೋ ಇದು, ಆಟಾನೋ ಹುಡುಗಾಟಿಕೀನೋ?" ಎಂದು ಗದರಿದೆ.

ಅವರಲ್ಲೊಬ್ಬನು ನೇಕಾರರ ಮನೆಯ ಹುಡುಗ. ಎದ್ದು ನಿಂತು ಬಹಳ ಗಂಭೀರವಾಗಿ, "ಸರ್, ಸೋಲೂದು ಭಾಳ ಕಷ್ಟ ಐತ್ರಿ" ಎಂದನು.

ಇಡೀ ತರಗತಿ ಘೊಳ್ಳೆಂದು ನಕ್ಕಿತು. ನಾನು ಅದನ್ನು ಉದ್ಧಟತನವೆಂದು ತಿಳಿದೆ. ಮಣೆಯನ್ನೂ ಕಾಯಿಗಳನ್ನೂ ಕಸಿದುಕೊಂಡು, ಅವನನ್ನು ತಾಸು ಮುಗಿಯುವವರೆಗೆ ಮಳೆಯ ಇರಚಲು ಬೀಳುವ ಪಡಸಾಲೆಯಲ್ಲಿ ನಿಲ್ಲಿಸಿದೆ. ತಂಡದಿಂದಲೂ ಕೈಬಿಟ್ಟೆ. ಆ ತರಗತಿಯವರು ಇದನ್ನು ಓದುತ್ತಿದ್ದರೆ ನಿಮಗೆ ನೆನಪಾಗಬಹುದು. ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಅವನನ್ನು ನಿಲ್ಲಿಸದಿದ್ದರೆ ದೊಡ್ಡ ಆಟಗಾರನಾಗುತ್ತಿದ್ದನೆಂದು ನಾನು ಹೇಳುತ್ತಿಲ್ಲ. ಅಂಥ ಕಥೆಗಳು ಸಿನಿಮಾದಲ್ಲಿ ಚೆನ್ನ. ನಾನು ಹೇಳುವುದು ಇಷ್ಟೇ: ಆ ಹುಡುಗನು ಸತ್ಯವನ್ನು ಹೇಳಿದ್ದನು, ಗಣಿತದ ಮಾಸ್ತರನಾದ ನನಗೆ ಅದು ತಿಳಿಯಲಿಲ್ಲ.

ಸೋಲುವುದು ಎಷ್ಟು ಕಷ್ಟವೆಂದರೆ, ಈ ಆಟವನ್ನು ಬಿಡಿಸಲು ಮಾರ್ಕ್ ವಾಟ್ಕಿನ್ಸ್ ಎಂಬ ಗಣಿತಜ್ಞರು ಗಣಕಯಂತ್ರಗಳನ್ನು ಹೂಡಿ ವರ್ಷಗಟ್ಟಲೆ ದುಡಿಯಬೇಕಾಯಿತು. 2016ರಲ್ಲಿ ಉತ್ತರ ಸಿಕ್ಕಿತು. ಬಿಳಿಯ ಕಾಯಿಯವನು ರಾಜನ ಮುಂದಿನ ಪ್ಯಾದೆಯನ್ನು ಒಂದು ಮನೆ ಮುಂದಿಟ್ಟು, ಆಮೇಲೆ ತಪ್ಪಿಲ್ಲದೆ ಆಡಿದರೆ ಗೆಲುವು ಅವನದೇ, ಎದುರಾಳಿ ಏನೇ ಮಾಡಲಿ. ಅದೇ ಪ್ಯಾದೆಯನ್ನು ಎರಡು ಮನೆ ನಡೆಸಿದರೆ, ಅಂದರೆ ನಾವು ಎಲ್ಲ ಮಕ್ಕಳಿಗೆ ಮೊಟ್ಟಮೊದಲು ಕಲಿಸುವ ಆ ನಡೆಯನ್ನೇ ಆಡಿದರೆ, ಸೋಲು ಖಚಿತ. ಒಂದು ಮನೆಯ ಅಂತರ! ನಾವು ಆಡುವ ಗಂಭೀರ ಚದುರಂಗದ ಕೊನೆಯ ಉತ್ತರ ಇನ್ನೂ ಯಾರಿಗೂ ಸಿಕ್ಕಿಲ್ಲ. ತಮಾಷೆಯದೆಂಬ ಈ ಆಟದ್ದು ಸಿಕ್ಕಿದೆ. ಸಿಕ್ಕಿದರೂ ಅದನ್ನು ಮನುಷ್ಯರು ಬಾಯಿಪಾಠ ಮಾಡಲಾಗದಷ್ಟು ಅದರ ಕವಲುಗಳಿವೆ. ಹೀಗಾಗಿ ಪಂದ್ಯಾವಳಿಗಳೇನೂ ನಿಂತಿಲ್ಲ.

ಇಂಥ ಇನ್ನೊಂದನ್ನೂ ಮೊಮ್ಮಗನು ತೋರಿಸಿದನು. ಅದು ಬಾತುಕೋಳಿಯ ಚದುರಂಗ. ಟಿಮ್ ಪಾಲ್ಡನ್ ಎಂಬವರು 2016ರಲ್ಲಿ ಹೊಸೆದದ್ದು. ಮಣೆಯ ಮೇಲೆ ಯಾರಿಗೂ ಸೇರದ ಒಂದು ಬಾತುಕೋಳಿ ಇರುತ್ತದೆ. ಪ್ರತಿಯೊಬ್ಬರೂ ತಮ್ಮ ನಡೆಯಾದ ಮೇಲೆ ಅದನ್ನೆತ್ತಿ ಬೇರೊಂದು ಖಾಲಿ ಮನೆಯಲ್ಲಿಡಬೇಕು. ಅದನ್ನು ಕಡಿಯುವಂತಿಲ್ಲ, ದಾಟುವಂತಿಲ್ಲ (ಕುದುರೆ ಮಾತ್ರ ಹಾರಿ ಹೋದೀತು). ಲಕ್ಷ್ಮೇಶ್ವರದ ರಸ್ತೆಯಲ್ಲಿ ಬಸ್ಸಿಗೆ ಅಡ್ಡಲಾಗಿ ಮಲಗುವ ಎಮ್ಮೆಯೇ ಸರಿ. ಡ್ರೈವರನು ಎಷ್ಟೇ ನಿಪುಣನಾಗಿರಲಿ, ಅದು ಏಳುವವರೆಗೆ ಕಾಯಬೇಕು.

ಇವೆಲ್ಲ ಇಂದಿನ ಹುಡುಗರ ಕೀಟಲೆ, ಪ್ರಾಚೀನವಾದ ಪವಿತ್ರ ಆಟವನ್ನು ಕೆಡಿಸುತ್ತಿದ್ದಾರೆ ಎಂದು ನನ್ನ ಓರಗೆಯವರು ಹೇಳುತ್ತಾರೆ. ನಾನೂ 1994ರಲ್ಲಿ ಹಾಗೆಯೇ ತಿಳಿದಿದ್ದೆ. ಆದರೆ ಯಾವ ಆಟ ಪ್ರಾಚೀನ? ಸುಮಾರು 1030ರಲ್ಲಿ ಅಲ್‌ಬಿರೂನಿ ಭಾರತದ ಬಗ್ಗೆ ಬರೆಯುವಾಗ ನಾಲ್ವರು ಕುಳಿತು ದಾಳ ಉರುಳಿಸಿ ಆಡುವ ಚದುರಂಗವನ್ನು ವರ್ಣಿಸಿದ್ದಾನೆ. ನಮ್ಮ ಪುಲಿಗೆರೆ ಸೀಮೆಯನ್ನೂ ಆಳಿದ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ 'ಮಾನಸೋಲ್ಲಾಸ'ವನ್ನು ಬರೆದನಲ್ಲ, ಅದರ ಕ್ರೀಡಾವಿಂಶತಿಯಲ್ಲಿ ಚದುರಂಗಕ್ಕೂ ಜಾಗವಿದೆ. ಇಬ್ಬರ ಆಟವೂ ಇದೆ, ನಾಲ್ವರ ಆಟವೂ ಇದೆ. ಅಷ್ಟು ಹಿಂದಕ್ಕೇಕೆ ಹೋಗಬೇಕು? ನನ್ನ ತಂದೆಯವರು ಆಡುತ್ತಿದ್ದ ನಾಡ ಚದುರಂಗದಲ್ಲಿ (ಅವರು ಅದನ್ನು ಮರಾಠಿಯವರಂತೆ ಬುದ್ಧಿಬಲ ಎನ್ನುತ್ತಿದ್ದರು) ಪ್ಯಾದೆ ಎರಡು ಮನೆ ಜಿಗಿಯುತ್ತಿರಲಿಲ್ಲ. ಒಮ್ಮೆಯೂ ಚೆಕ್ ಆಗದ ರಾಜನು ಆಟದಲ್ಲೊಂದು ಸಲ ಕುದುರೆಯಂತೆ ಹಾರಬಹುದಿತ್ತು. ಪ್ಯಾದೆ ಯಾವ ಸಾಲಿನಲ್ಲಿ ಕೊನೆ ಮುಟ್ಟಿತೋ ಆ ಸಾಲಿನ ಕಾಯಿಯಾಗುತ್ತಿತ್ತು. ಅಂತರರಾಷ್ಟ್ರೀಯ ನಿಯಮಗಳನ್ನು ನಾನು ಕಾಲೇಜಿನಲ್ಲಿ ಕಲಿತು ಬಂದು ತಂದೆಯವರಿಗೆ, "ನೀವು ಆಡೂದು ತಪ್ಪು" ಎಂದಿದ್ದೆ. ಅವರು ಸುಮ್ಮನೆ ನನ್ನ ಮುಖ ನೋಡಿದ್ದರು. ಈಗ ನೋಡಿದರೆ ಅವರದೂ ಒಂದು ಆಟ, ನನ್ನದೂ ಒಂದು ಆಟ.

ಮುಮ್ಮಡಿ ಕೃಷ್ಣರಾಜ ಒಡೆಯರ ಮಾತು ಇಲ್ಲಿ ಬರಲೇಬೇಕು. 1794ರಲ್ಲಿ ಹುಟ್ಟಿ, ಐದರ ಎಳವೆಯಲ್ಲಿ ಪಟ್ಟವೇರಿದವರು. 1831ರಲ್ಲಿ ಬ್ರಿಟಿಷರು ರಾಜ್ಯದ ಆಡಳಿತವನ್ನು ಅವರ ಕೈಯಿಂದ ಕಿತ್ತುಕೊಂಡರು. 1868ರಲ್ಲಿ ಕಾಲವಾಗುವವರೆಗೆ ಅದು ಮರಳಿ ಅವರ ಕೈಸೇರಲಿಲ್ಲ. ಸಿಂಹಾಸನವಿತ್ತು, ರಾಜ್ಯಭಾರವಿರಲಿಲ್ಲ. ಆ ಅರಸರ ಆಸ್ಥಾನದಲ್ಲಿ ಸಿದ್ಧವಾದ 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿ ಆಟಗಳ ಭಂಡಾರ. ಹೊಸ ಹೊಸ ಮಣೆಯಾಟಗಳನ್ನೂ ಗಂಜೀಫಾ ಎಲೆಗಳ ಹೊಸ ಬಗೆಗಳನ್ನೂ ಅವರು ಕಲ್ಪಿಸಿದರು. ಚದುರಂಗದ ಕುದುರೆಯೊಂದನ್ನೇ ಹಿಡಿದು, ಅದು ಒಂದು ಮನೆಯನ್ನು ಎರಡನೆಯ ಸಲ ಮುಟ್ಟದಂತೆ ಅರವತ್ತನಾಲ್ಕು ಮನೆಗಳನ್ನೂ ಸುತ್ತಿ ಬರುವ ಕುದುರೆ ನಡಿಗೆಗಳನ್ನು ರಚಿಸಿದರು. ನಮ್ಮಲ್ಲಿ ಇದು ಒಂಬತ್ತನೆಯ ಶತಮಾನದ ರುದ್ರಟನ 'ಕಾವ್ಯಾಲಂಕಾರ'ದಿಂದ ಬಂದ ಸಂಪ್ರದಾಯ.

ಆ ಕುದುರೆಯಾಟದಲ್ಲಿ ಎದುರಾಳಿಯಿಲ್ಲ. ಕಡಿಯುವುದಿಲ್ಲ, ಕಡಿಸಿಕೊಳ್ಳುವುದಿಲ್ಲ. ರಾಜ್ಯವನ್ನು ಕಳೆದುಕೊಂಡ ರಾಜನೊಬ್ಬನು ಗೆಲುವೂ ಸೋಲೂ ಇಲ್ಲದ ಆಟವನ್ನು ಕಟ್ಟುತ್ತ ಕುಳಿತಿದ್ದನೆಂಬುದನ್ನು ನೆನೆದಾಗ ನನಗೆ ನಗು ಬರುವುದಿಲ್ಲ. ಅವರನ್ನು ಯಾವ ಮಾಸ್ತರನೂ ಪಡಸಾಲೆಯಲ್ಲಿ ನಿಲ್ಲಿಸಲಿಲ್ಲ ಎಂಬುದಷ್ಟೇ ಸಮಾಧಾನ.

ವಿಶ್ವ ಚಾಂಪಿಯನ್ ಆಗಿದ್ದ ಬಾಬಿ ಫಿಷರ್ ಕೂಡ 1996ರಲ್ಲಿ ಹಿಂದಿನ ಸಾಲಿನ ಕಾಯಿಗಳನ್ನು ಕಲಸಿಟ್ಟು ಆಡುವ ಪದ್ಧತಿಯನ್ನು ಸಾರಿದರು. 960 ಬಗೆಯಲ್ಲಿ ಜೋಡಿಸಬಹುದು. 2025ರಲ್ಲಿ ಜಗತ್ತಿನ ಅಗ್ರ ಆಟಗಾರರು ಅದಕ್ಕಾಗಿಯೇ ಜರ್ಮನಿಯಲ್ಲಿ ಸೇರಿ ಆಡಿದರು. ನಿಯಮವನ್ನು ಮುರಿಯುವುದು ಬೇರೆ, ಹೊಸ ನಿಯಮವನ್ನು ಕಟ್ಟಿಕೊಂಡು ಅದಕ್ಕೆ ಬದ್ಧರಾಗಿ ಆಡುವುದು ಬೇರೆ. ಹಿಂದಿನ ಬೆಂಚಿನ ಆ ಇಬ್ಬರು ಎರಡನೆಯದನ್ನು ಮಾಡುತ್ತಿದ್ದರು. ನಾನು ಮೊದಲನೆಯದಕ್ಕೆ ಕೊಡುವ ಶಿಕ್ಷೆಯನ್ನು ಕೊಟ್ಟೆ.

ಆಕ್ಷೇಪಗಳು ಇಲ್ಲವೆಂದಲ್ಲ. 2024ರ ಡಿಸೆಂಬರಿನಲ್ಲಿ 18ರ ಹರೆಯದ ಗುಕೇಶ್ ಸಿಂಗಪುರದಲ್ಲಿ ವಿಶ್ವ ಚಾಂಪಿಯನ್ ಆದ ಮೇಲೆ ಎಲ್ಲ ಪಾಲಕರಿಗೂ ಮಕ್ಕಳನ್ನು ಚದುರಂಗದ ತರಗತಿಗೆ ಹಾಕುವ ಆಸೆ. ತಪ್ಪಲ್ಲ. ನಮ್ಮ ರಾಜ್ಯಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಪದವಿ ಬಂದದ್ದು 2017ರಲ್ಲಿ, ಮೈಸೂರಿನ ಎಂ. ಎಸ್. ತೇಜಕುಮಾರ್ ಅವರಿಂದ, ಇನ್ನಷ್ಟು ಜನ ಆಗಲಿ. ಎಳೆಯ ಮಗು ಕಾಯಿ ಉಳಿಸುವುದನ್ನೇ ಕಲಿಯದಿರುವಾಗ ಕಳೆಯುವುದನ್ನು ಕಲಿಸಿದರೆ ಗೊಂದಲವಾದೀತು ಎಂದು ತರಬೇತುದಾರರೊಬ್ಬರು ನನಗೆ ಹೇಳಿದರು. ಒಪ್ಪುತ್ತೇನೆ. ಮಗ್ಗಿ ಬಾರದವನಿಗೆ ಬೀಜಗಣಿತ ಹೇಳಬಾರದು. ಆದರೆ ಮಗ್ಗಿ ಬಂದವನಿಗೂ ಮಗ್ಗಿಯನ್ನೇ ಹೇಳಿಸುತ್ತಿದ್ದರೆ ಹೇಗೆ?

ಎರಡನೆಯ ಆಕ್ಷೇಪ ತಾಯಂದಿರದು. "ಮೊಬೈಲಿನ ಆಟ ಅಂದ್ರ ರೊಕ್ಕದ ಆಟರೀ ಸರ್" ಎನ್ನುತ್ತಾರೆ. ಅವರ ಭಯ ಸುಳ್ಳಲ್ಲ. ಸಾಲ ಮಾಡಿ ಹಾಳಾದ ಮನೆಗಳು ನಮ್ಮ ಸುತ್ತಲೂ ಇವೆ. ಕರ್ನಾಟಕ ಸರಕಾರವು 2021ರಲ್ಲಿ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕಾಯ್ದೆ ತಂದಿತು, 2022ರ ಫೆಬ್ರುವರಿಯಲ್ಲಿ ಹೈಕೋರ್ಟು ಅದನ್ನು ರದ್ದುಪಡಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತೇ ಅಂಥ ಆಟಗಳ ನಿಷೇಧಕ್ಕೆ ಕಾಯ್ದೆ ಮಾಡಿತು. ಸೋಲುವ ಚದುರಂಗದಲ್ಲಿ ಪಣವಿಲ್ಲ, ಗೆದ್ದರೆ ಬಹುಮಾನವೂ ಇಲ್ಲ. ಹೆಸರಿನ ಮುಂದೆ ಬೆಂಕಿಯ ಚಿತ್ರ ಹತ್ತುವುದೇ ಲಾಭ. ಆದರೂ ಊಟದ ಹೊತ್ತಿಗೆ ಮೊಬೈಲು ಕೆಳಗಿಡಬೇಕೆಂದು ನಾನೂ ಹೇಳುತ್ತೇನೆ. ಹೇಳಿದವನೇ ಆ ರಾತ್ರಿ ಹನ್ನೊಂದರವರೆಗೆ ಆಡಿದೆನೆಂದು ಮನೆಯವರು ಇಲ್ಲಿ ಬರೆಯಲು ಹೇಳಿದ್ದಾರೆ.

ಮೂರನೆಯದೊಂದು ಆಕ್ಷೇಪವನ್ನು ಯಾರೂ ಎತ್ತುವುದಿಲ್ಲ, ನನಗೆ ಅದೇ ಮುಖ್ಯವೆನಿಸುತ್ತದೆ: ತಮಾಷೆಗೆಂದು ಆಡಲು ಕುಳಿತರೂ ನಾವು ತಮಾಷೆಯಾಗಿ ಆಡಲಾರೆವು. 2021ರ ಜೂನ್ 13ರಂದು ಕೋವಿಡ್ ಪರಿಹಾರಕ್ಕೆ ಹಣ ಕೂಡಿಸಲು ವಿಶ್ವನಾಥನ್ ಆನಂದ್ ಅವರು ಆನ್‌ಲೈನಿನಲ್ಲಿ ಗಣ್ಯರೊಂದಿಗೆ ಆಡಿದರು. ನಮ್ಮ ನಟ ಸುದೀಪ್ ಕೂಡ ಆಡಿದ್ದರು. ಸೋತರೆ ಯಾರೂ ನಗುವಂತಿರಲಿಲ್ಲ. ಆನಂದರ ಕೈಯಲ್ಲಿ ಸೋಲುವುದೇ ಒಂದು ಮರ್ಯಾದೆ. ಆದರೆ ಬೆಂಗಳೂರಿನ ಉದ್ಯಮಿ ನಿಖಿಲ್ ಕಾಮತ್ ಗೆದ್ದರು. ಮರುದಿನವೇ, ಗಣಕಯಂತ್ರದ ಮತ್ತು ಬಲ್ಲವರ ನೆರವು ಪಡೆದುದಾಗಿ ಅವರೇ ಒಪ್ಪಿಕೊಂಡು ಕ್ಷಮೆ ಕೇಳಿದರು. ಒಪ್ಪಿಕೊಂಡದ್ದು ಅವರ ದೊಡ್ಡಗುಣ. ನಾನು ಅವರನ್ನು ದೂರಲು ಇದನ್ನು ಬರೆಯುತ್ತಿಲ್ಲ. ಕಳೆದುಕೊಳ್ಳುವುದು ಏನೂ ಇಲ್ಲದಲ್ಲಿಯೂ ಸೋಲು ಅಷ್ಟು ಭಯ ಹುಟ್ಟಿಸುತ್ತದೆಯೆಂದರೆ, ಆ ಭಯವನ್ನು ನೆಟ್ಟವರು ಯಾರು? ನಮ್ಮಂಥ ಮಾಸ್ತರರ ಪಾಲು ಅದರಲ್ಲಿ ಇಲ್ಲವೇ? ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಫೇಲಾದವರ ಹೆಸರನ್ನು ಹೇಗೆ ಉಚ್ಚರಿಸುತ್ತಿದ್ದೆವು ಎಂದು ನೆನೆದರೆ ಈಗ ನಾಚಿಕೆಯಾಗುತ್ತದೆ.

ಅದಕ್ಕಾಗಿ, ಶಾಲೆಗಳಲ್ಲಿ ಚದುರಂಗ ಕಲಿಸುವ ಮಾಸ್ತರರಲ್ಲಿ (ನನ್ನ ಶಿಷ್ಯರಲ್ಲೇ ನಾಲ್ಕೈದು ಮಂದಿ ಇದ್ದೀರಿ) ನನ್ನದೊಂದು ವಿನಂತಿ. ತಿಂಗಳಿಗೊಂದು ಶನಿವಾರ ಸೋಲುವ ಚದುರಂಗವನ್ನು ಆಡಿಸಿರಿ. ಗಟ್ಟಿಯಾಗಿ ಆಡುವ ಹುಡುಗನ ಎದುರು ಯಾವಾಗಲೂ ಸೋಲುವ ಹುಡುಗಿಯನ್ನು ಕೂರಿಸಿರಿ. ಇಬ್ಬರೂ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಅಂದು ನಗು ಬಂದರೆ ಬರಲಿ.

ರಜೆ ಮುಗಿಸಿ ಮೊಮ್ಮಗನು ಹೋದ ಮೇಲೆ ನಾನು ಆ ನೇಕಾರರ ಮನೆಯ ಹುಡುಗನನ್ನು ಹುಡುಕಿಕೊಂಡು ಹೋದೆ. ಹುಡುಗನೇನು, ಈಗ ಅವನ ಕೂದಲೂ ನರೆತಿವೆ. ಇದೇ ಊರಿನಲ್ಲಿ ಎರಡು ಮಗ್ಗ ನಡೆಸುತ್ತಾನೆ. ಮಗ್ಗ ನಿಲ್ಲಿಸಿ, ಕುರ್ಚಿ ಒರೆಸಿ, ಚಹಾ ತರಿಸಿದನು. ನಾನು ಬಂದ ಕಾರಣವನ್ನು ಹೇಳಿ, ಅಂದು ನಾನು ಮಾಡಿದ್ದು ತಪ್ಪು ಎಂದೆ.

"ನಿಲ್ಲಿಸಿದ್ದು ನೆನಪಿಲ್ರಿ ಸರ್" ಎಂದನು. ನಿಜವೋ, ನನ್ನ ಮರ್ಯಾದೆ ಕಾಯಲು ಹೇಳಿದ್ದೋ ತಿಳಿಯದು. "ಆದ್ರ ಆ ಆಟ ನೆನಪೈತ್ರಿ. ನಾವು ಒಂದ್ ಕಾಯ್ದೆ ಹೆಚ್ಚಿಗಿ ಮಾಡಿದ್ವಿರಿ. ಕಂಡಿಕಿ ಕಡೀಕ ಹೋಗಬೇಕು. ಮೊದಲ ಹೋದ್ರ ಆಟ ಲುಕ್ಸಾನ."

ಲಿಚೆಸ್ಸಿನಲ್ಲಿಯೂ ಇಲ್ಲದ ನಿಯಮ! ಅವನ ಮಗನ ಮೊಬೈಲಿನಲ್ಲಿ ಒಂದು ಆಟ ಆಡಿದೆವು. ನನ್ನ ಹನ್ನೊಂದು ಕಾಯಿ ಉಳಿದವು, ಅವನದು ಒಂದೂ ಇಲ್ಲ. ಏಳುವಾಗ ಅವನು ಕೇಳಿದನು: "ಆ ಸೆಟ್ ಎಲ್ಲೈತ್ರಿ ಸರ್? ನಮ್ಮಪ್ಪ ಸವಣೂರ ಸಂತಿಯಿಂದ ತಂದಿದ್ದರಿ."

ಸ್ಟಾಫ್ ರೂಮಿನ ಕಪಾಟಿನಲ್ಲಿ ಇಟ್ಟಿದ್ದೆನೆಂಬುದು ನನಗೆ ನೆನಪಿದೆ. ಕಪಾಟು ಬದಲಾಯಿತು, ನಾನೂ ವರ್ಗವಾಗಿ ಹೋಗಿ ಬಂದೆ. ಹೋಗಿ ವಿಚಾರಿಸಿದೆ, ಯಾರಿಗೂ ತಿಳಿಯದು. ರಟ್ಟಿನ ಮಣೆ, ತಗಡಿನ ಡಬ್ಬಿಯಲ್ಲಿ ಮೂವತ್ತೊಂದು ಮರದ ಕಾಯಿ ಮತ್ತು ಒಂದು ಕಂಡಿಕೆ. 1994ರಿಂದ ಈಚೆಗೆ ಆ ಕಪಾಟನ್ನು ತೆರೆದು ಆಟದ ಸಾಮಾನು ಒಯ್ದ ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ನನಗೆ ತಿಳಿಸಿರಿ. ಯಾರು ಒಯ್ದಿರಿ ಎಂದು ಕೇಳುವುದಿಲ್ಲ.